ಐದೆಸಳಿನ ನಾಲ್ಕು ಹೂಗಳು

ನಾಲ್ಕನೆಯ ಸಲವೂ ಕಾಗದದ ಹೂವಿನ ಅಂಚು ಇಲಿ ಕಡಿದ ಹಾಗೆ ಬಂತು. ಮೇಸ್ತ್ರಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಪಂಚನ್ನು ಮತ್ತೆ ಬಿಚ್ಚಿದರು. ಊಟದ ಮೇಜಿನ ಮೇಲೆ ಹಾಸಿದ ಹಳೇ ಪೇಪರಿನ ತುಂಬ ಒಂಬತ್ತು ಪಂಚುಗಳ ಕರುಳು ಹರಡಿಕೊಂಡಿತ್ತು. ಸ್ಪ್ರಿಂಗುಗಳು, ಕತ್ತರಿಸುವ ಅಚ್ಚುಗಳು, ಅಚ್ಚು ಇಳಿಯುವ ತೂತಿನ ತಟ್ಟೆಗಳು, ಒಂದು ಪಕ್ಕಕ್ಕೆ ಕವುಚಿಟ್ಟ ಪ್ಲಾಸ್ಟಿಕ್ ಮುಚ್ಚಳಗಳು.

ಕಾಗದದಲ್ಲಿ ಎಲೆ, ಹೂವು, ನಕ್ಷತ್ರ ಕತ್ತರಿಸುವ ಈ ಪಂಚುಗಳು ಹೆಂಡತಿಯವು. ಕೈಯಲ್ಲೇ ಶುಭಾಶಯದ ಕಾರ್ಡು ಮಾಡಿ ಅಂಗಡಿಗೆ ಕೊಡುವುದು ಅವರ ಕೆಲಸ. ಇವತ್ತು ಸಂಜೆಯೊಳಗೆ ನಲವತ್ತು ಹೋಗಬೇಕಿತ್ತು. ಎಲೆಯ ಪಂಚು ಯಾಕೋ ಸಿಕ್ಕಿಕೊಳ್ಳುತ್ತಿದೆ ಎಂದು ಬೆಳಿಗ್ಗೆ ಒಂದು ಮಾತು ಅಂದದ್ದೇ ತಪ್ಪಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಈ ಮಹಾರಾಯರು ಒಂಬತ್ತನ್ನೂ ಬಿಚ್ಚಿ ಹರವಿಬಿಟ್ಟಿದ್ದರು.

"ನಾನು ಹೇಳಿದ್ದು ಎಲೆ ಒಂದೇ ಅಲ್ವೇನ್ರೀ?" ಮೇಜಿನ ಆ ತುದಿಯಲ್ಲಿ ಕಾರ್ಡು ಮಡಚುತ್ತಿದ್ದ ಹೆಂಡತಿ ಕೇಳಿದರು.

"ಒಂದು ಮೊಂಡಾಗಿದೆ ಅಂದ್ರೆ ಮಿಕ್ಕಿದ್ದೂ ಆಗಿರತ್ತೆ. ಹರಿತ ಮಾಡಿಟ್ರೆ ನಿನಗೇ ಒಳ್ಳೇದು."

"ಮಾಡಿ, ಮಾಡಿ. ಮೂವತ್ತು ವರ್ಷ ಕಾರ್ಖಾನೇಲಿ ಕಬ್ಬಿಣಕ್ಕೆ ಅಚ್ಚು ಮಾಡಿದೋರಿಗೆ ನನ್ನ ಕಾಗದದ ಹೂವು ಯಾವ ಮೂಲೆಗೆ."

ಒಳಗೆ ಸಿಕ್ಕಿದ ಕಾಗದದ ಚೂರು ತೆಗೆದು ಜೋಡಿಸಿದ ಮೇಲೆ ಹರಿತ ಮಾಡುವುದೇನೋ ಸುಲಭವೇ. ನುಣ್ಣನೆಯ ಸ್ಯಾಂಡ್‌ಪೇಪರನ್ನು ಪಂಚಿನಲ್ಲಿ ಹತ್ತು ಸಲ ಕತ್ತರಿಸಿದರೆ ಅಂಚು ತಾನೇ ತೀಡಿಕೊಳ್ಳುತ್ತದೆ, ಆಮೇಲೆ ಮೇಣದ ಕಾಗದ ಎರಡು ಸಲ ಕತ್ತರಿಸಿದರೆ ಸಲೀಸಾಗಿ ಜಾರುತ್ತದೆ. ತೊಡಕು ಬಂದದ್ದು ಜೋಡಿಸುವಾಗ. ಎಲೆಯ ಅಚ್ಚು ಎಲೆಯ ತಟ್ಟೆಗೆ, ನಕ್ಷತ್ರದ್ದು ನಕ್ಷತ್ರದ್ದಕ್ಕೆ, ಕಣ್ಣಿದ್ದವರು ಯಾರಾದರೂ ಸೇರಿಸಿಯಾರು. ಆದರೆ ಐದೆಸಳಿನ ಹೂವಿನವು ನಾಲ್ಕಿದ್ದವು. ನೋಡಲು ಒಂದೇ, ಕೂದಲೆಳೆಯಷ್ಟು ಹೆಚ್ಚುಕಡಿಮೆ. ಜೋಡಿ ತಪ್ಪಿದರೆ ಕಾಗದ ಕತ್ತರಿಸುವುದಿಲ್ಲ, ಹರಿಯುತ್ತದೆ.

ಬಿಚ್ಚುವ ಮೊದಲು ಗುರುತು ಹಾಕು. ಕೆಲಸಕ್ಕೆ ಹೊಸದಾಗಿ ಬಂದವರಿಗೆಲ್ಲ ಮೇಸ್ತ್ರಿ ಮೂವತ್ತು ವರ್ಷ ಕಿರುಚಿಕೊಂಡ ಮಾತು ಅದು. ಮೊದಲ ಜೋಡಿಗೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು. ಆಮೇಲೆ ಕಣ್ಣು ಮುಚ್ಚಿಕೊಂಡು ಜೋಡಿಸಬಹುದು. ನಿದ್ದೆಯಲ್ಲೆಬ್ಬಿಸಿದರೂ ಹೇಳುತ್ತಿದ್ದ ಆ ಪಾಠ ಇವತ್ತು ಅವರಿಗೇ ಹೊಳೆದಿರಲಿಲ್ಲ. ಹೇಗೆ ಮರೆತೆ? ಅದಿರಲಿ, ಯಾವುದನ್ನು ಮೊದಲು ಬಿಚ್ಚಿದೆ? ಅದೂ ತಿಳಿಯಲಿಲ್ಲ. ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು.

ಸುಮ್ಮನೆ ಕೂರಲಾರದೆ ಒಂದು ಅಚ್ಚಿನ ಬೆನ್ನಿಗೆ ಮೆತ್ತಿದ್ದ ಎಣ್ಣೆಜಿಡ್ಡನ್ನು ಒರೆಸಿದರು. ಅಲ್ಲಿ ಮೂರು ಚುಕ್ಕಿಗಳಿದ್ದವು. ಇನ್ನೊಂದನ್ನು ಒರೆಸಿದರು, ಒಂದು ಚುಕ್ಕಿ. ತಟ್ಟೆಗಳನ್ನು ಒರೆಸಿದರೆ ಅಲ್ಲಿಯೂ ಒಂದು, ಎರಡು, ಮೂರು, ನಾಲ್ಕು. ಚೂಪು ಮೊನೆಯ ಉಳಿ ಇಟ್ಟು ಹಗುರವಾಗಿ ತಟ್ಟಿದ, ಒಂದಕ್ಕೊಂದು ಅಳೆದಿಟ್ಟಂಥ ಚುಕ್ಕಿಗಳು. ಕ್ಷಣಹೊತ್ತು ಖುಷಿಯಾಯಿತು. ಹಿಂದೆಯೇ ಅಚ್ಚನ್ನು ಕಣ್ಣಿನ ಹತ್ತಿರಕ್ಕೆ ತಂದರು. ಇವು ತನ್ನ ಕೈಯವೇ. ಹಾಕಿದ್ದು ಯಾವಾಗ?

"ಏನೇ, ಇವನ್ನ ಮುಂಚೆ ಯಾರಾದ್ರೂ ಬಿಚ್ಚಿದ್ರಾ?"

"ನಿಮ್ಮನ್ನ ಬಿಟ್ಟು ಇನ್ಯಾರು ಬಿಚ್ತಾರೆ." ಹೆಂಡತಿ ತಲೆಯೆತ್ತಲಿಲ್ಲ. "ಹೋದ ವರ್ಷ ಒಂದ್ಸಲ ಹರಿತ ಮಾಡಿಕೊಟ್ಟಿದ್ರಲ್ಲ. ಬಚ್ಚಲ ನಲ್ಲಿ ರಿಪೇರಿ ಮಾಡಿದ ದಿನ."

"ಹೂಂ, ಹೌದಲ್ಲ," ಎಂದರು ಮೇಸ್ತ್ರಿ. ನಲ್ಲಿ ನೆನಪಿತ್ತು. ಅದರ ವಾಷರು ಕೂಡ ನೆನಪಿತ್ತು. ಪಂಚು ನೆನಪಿಗೆ ಬರಲಿಲ್ಲ. ವರ್ಷವಾಯಿತಲ್ಲ, ವರ್ಷದ ಹಿಂದಿನದು ಯಾರಿಗೆ ತಾನೇ ನೆನಪಿರುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಚುಕ್ಕಿ ನೋಡಿ ಜೋಡಿಸಿದ ಮೇಲೆ ನಾಲ್ಕು ಹೂಗಳೂ ಮಾತು ಕೇಳಿದವು. ಹೂವು ಟಕ್ಕೆಂದು ಬೀಳುತ್ತಿತ್ತು, ಅಂಚಿನಲ್ಲಿ ಒಂದೇ ಒಂದು ಎಳೆಯಿಲ್ಲ. ಇನ್ನು ಉಳಿದದ್ದು ಎಲೆಯ ಪಂಚಿನ ಮುಚ್ಚಳ ಮಾತ್ರ. ಇನ್ನೊಂದು ಸಲ ಹೀಗೆ ಪೇಚಾಡುವುದು ಬೇಡ, ಒಳಗಡೆ ಇವತ್ತಿನ ತಾರೀಖು ಗೀಚಿಡೋಣ ಎಂದುಕೊಂಡು ಸೂಜಿ ತೆಗೆದುಕೊಂಡರು. ಮುಚ್ಚಳ ಮಗುಚಿದರು.

ಒಳಗೆ ಎರಡು ತಾರೀಖುಗಳಿದ್ದವು. ಮೇಲಿನದು ಎರಡು ತಿಂಗಳ ಹಿಂದಿನದು, ಕೆಳಗಿನದು ಹೋದ ತಿಂಗಳಿನದು. ವರ್ಷವೂ ಇದೇ. ಏಳರ ಅಂಕಿಯ ನಡುವೆ ಅಡ್ಡಗೆರೆ ಇತ್ತು, ಕಾರ್ಖಾನೆಯಲ್ಲಿ ಅವರೊಬ್ಬರೇ ಹಾಗೆ ಬರೆಯುತ್ತಿದ್ದುದು.

ಮೇಸ್ತ್ರಿ ತಲೆಯೆತ್ತಿ ನೋಡಿದರು. ಹೆಂಡತಿ ಆಗಲೇ ಮಡಚಿದ್ದ ಕಾರ್ಡಿನ ಮಡಿಕೆಯನ್ನೇ ಉಗುರಿನಿಂದ ಮತ್ತೆ ಮತ್ತೆ ತೀಡುತ್ತಿದ್ದರು. ಹೋದ ವರ್ಷ ಅಂದಳಲ್ಲ, ಒಂದ್ಸಲ ಅಂದಳಲ್ಲ. ಮೊದಲೆರಡರ ಕೆಳಗೆ ಇವತ್ತಿನ ತಾರೀಖನ್ನು ಸಣ್ಣದಾಗಿ ಗೀಚಿ, ಮುಚ್ಚಳವನ್ನು ಅದುಮಿದರು.

"ಆಯ್ತೇನ್ರೀ?"

"ಆಯ್ತು. ಇನ್ನೊಂದು ವರ್ಷ ಮುಟ್ಟೋ ಹಾಗಿಲ್ಲ."

"ಸರಿ ಬಿಡಿ," ಎಂದರು ಹೆಂಡತಿ. ಹಸಿರು ಕಾಗದವನ್ನು ಮೇಜಿನ ಮೇಲೆ ಅವರತ್ತ ಸರಿಸಿದರು. "ಹಾಗಾದ್ರೆ ಎಲೆ ನೀವೇ ಕತ್ತರಿಸಿ ಕೊಡ್ತಾ ಬನ್ನಿ."

ಮೇಸ್ತ್ರಿ ಪಂಚು ಒತ್ತಿದರು. ಒಂದು ಎಲೆ ಬಿತ್ತು. ಹೆಂಡತಿ ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು, ಇನ್ನೊಂದಕ್ಕೆ ಅಂಗೈ ಚಾಚಿದರು.