ಧರ್ಮಪತ್ನಿಯ ನಕ್ಷತ್ರ

ಕೆಂಪರಾಜನಿಗೆ ಹೆಂಡತಿಯ ನೆನಪಾಗುವುದು ಪೂಜೆ ಇದ್ದಾಗ ಮಾತ್ರ. ಪುರೋಹಿತರು ಬರೆದುಕೊಡುವ ಪಟ್ಟಿಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ತುಪ್ಪ ಇರುತ್ತವಲ್ಲ, ಅವುಗಳ ಜೊತೆಗೆ ರಮ್ಯಳೂ ಒಂದು ಸಾಮಾನು. ಉಳಿದ ದಿನಗಳಲ್ಲಿ ಅವನ ಊಟ, ನಿದ್ದೆ, ನಗು ಎಲ್ಲವೂ ಇಂದಿರಾನಗರದಲ್ಲಿ, ಧನುಶ್ರೀಯ ಫ್ಲ್ಯಾಟಿನಲ್ಲಿ. ಹೊರಮಾವಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಆದರೆ ಗೊತ್ತಿದೆಯೆಂದು ತೋರಿಸಿಕೊಂಡವರಿಲ್ಲ. ಅಪ್ಪನ ರಾಗಿ ಹೊಲದಲ್ಲಿ ಮೂರು ಅಪಾರ್ಟ್‌ಮೆಂಟ್ ಎಬ್ಬಿಸಿದವನ ಮುಂದೆ ಬಾಯಿ ಬಿಡುವವರು ಯಾರು?

ಇವತ್ತು ನಾಲ್ಕನೆಯದರ ಗೃಹಪ್ರವೇಶ. ರಮ್ಯ ರೇಷ್ಮೆ ಸೀರೆ ಉಟ್ಟು ಗಂಡನ ಪಕ್ಕದ ಮಣೆಯ ಮೇಲೆ ಕೂತಿದ್ದಳು. ಮನಸ್ಸು ಮಾತ್ರ ಹೊಸ ತಿಪ್ಪಸಂದ್ರದಲ್ಲಿತ್ತು. ಅಲ್ಲಿನ ಮಾರ್ಕೆಟ್ ರಸ್ತೆಯಲ್ಲಿ ಗೆಳತಿ ಲುಬ್ನಾಳ ಬ್ಲೌಸ್ ಅಂಗಡಿ. ಒಂದು ವರ್ಷದಿಂದ ರಮ್ಯ ಗಂಡನಿಗೆ ಗೊತ್ತಾಗದಂತೆ ಮನೆಯಲ್ಲೇ ಹೊಲಿದು ಅಲ್ಲಿಗೆ ಕಳಿಸುತ್ತಿದ್ದಳು. "ಅಂಗಡಿ ಮೇಲಿನ ರೂಮ್ ಖಾಲಿ ಆಗಿದೆ, ಬಂದ್ಬಿಡು. ಇವತ್ತು ಹೇಳ್ಲಿಲ್ಲಾಂದ್ರೆ ಬೇರೆಯವರಿಗೆ ಕೊಟ್ಬಿಡ್ತೀನಿ," ಎಂದು ಲುಬ್ನಾ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದಳು. ರಮ್ಯ "ನೋಡ್ತೀನಿ" ಎಂದಿದ್ದಳು. ಮದುವೆಯಾದ ಹದಿಮೂರು ವರ್ಷದಿಂದಲೂ ಅವಳ ಬಾಯಲ್ಲಿ ಅದೊಂದೇ ಮಾತು.

ಪುರೋಹಿತರು ಅವಳ ಸೆರಗಿಗೂ ಅವನ ಶಲ್ಯಕ್ಕೂ ಗಂಟು ಹಾಕಿ ಸಂಕಲ್ಪ ಶುರು ಮಾಡಿದರು.

"ಯಜಮಾನರ ನಕ್ಷತ್ರ?"

"ಉತ್ತರೆ."

"ಧರ್ಮಪತ್ನಿಯವರದು?"

"ರೋಹಿಣಿ," ಎಂದ ಕೆಂಪರಾಜ, ಒಂದಿಷ್ಟೂ ತಡವರಿಸದೆ.

ರಮ್ಯಳದು ಆರಿದ್ರಾ. ಜಾತಕ ಹೊಂದಿಸಿದವರಿಗೆಲ್ಲ ಅದು ಗೊತ್ತಿತ್ತು, ಕಟ್ಟಿಕೊಂಡವನೊಬ್ಬನನ್ನು ಬಿಟ್ಟು. ರೋಹಿಣಿ ಯಾರದೆಂದು ಅವಳಿಗೂ ಗೊತ್ತು. ಹೋದ ತಿಂಗಳು ಕಾರಿನಲ್ಲಿ ಸಿಕ್ಕ ಅರ್ಚನೆಯ ಚೀಟಿಯಲ್ಲಿ ಅವನ ಹೆಸರಿನ ಕೆಳಗೇ ಬರೆದಿತ್ತು: ಧನುಶ್ರೀ, ರೋಹಿಣಿ ನಕ್ಷತ್ರ.

ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಅವನು ಹೊರಗೆ ಮಾಡಿದ್ದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದ್ದಳು. ಈಗ ದೇವರೆದುರು ತಾನು ಕೂತ ಮಣೆಯ ಮೇಲೂ ಅವಳನ್ನೇ ಕೂರಿಸಿಬಿಟ್ಟನಲ್ಲ! ರಮ್ಯ ಸೆರಗಿನ ಗಂಟಿಗೆ ಕೈ ಹಾಕಿದಳು. ಬಿಗಿಯಾಗಿತ್ತು, ಬಿಚ್ಚಲು ಎರಡು ಸಲ ಉಗುರು ಹಾಕಬೇಕಾಯಿತು. ಎದ್ದು ನಿಂತಳು.

"ಏಯ್, ಕೂತ್ಕೊ. ಜನ ನೋಡ್ತಿದಾರೆ," ಎಂದು ಕೆಂಪರಾಜ ಹಲ್ಲುಗಳ ಸಂದಿಯಲ್ಲೇ ಗದರಿದ.

"ನೋಡ್ಲಿ ಬಿಡ್ರಿ. ಅದು ನನ್ ನಕ್ಷತ್ರ ಅಲ್ಲ, ಧನುಶ್ರೀದು. ಅವಳ್ನೇ ಕರ್ಸಿ ಕೂರಿಸ್ಕೊಳಿ."

ನಾದಸ್ವರದವನು ಊದುವುದನ್ನೇ ಮರೆತ. ಕೆಂಪರಾಜನ ದನಿ ತಟ್ಟನೆ ಇಳಿಯಿತು. "ಅರ್ಧ ಗಂಟೆ ಕೂತ್ಬಿಡು ರಮ್ಯ. ಆಮೇಲೆ ಎಲ್ಲಿಗಾದ್ರೂ ಹೋಗು."

"ಅರ್ಧ ಗಂಟೆ, ಅರ್ಧ ಗಂಟೆ ಅಂತಾನೇ ಹದಿಮೂರ್ ವರ್ಷ ಕೂತಿದೀನಿ."

ಅಲ್ಲೇ, ಎಲ್ಲರ ಎದುರೇ ಫೋನ್ ತೆಗೆದಳು. "ಲುಬ್ನಾ, ರೂಮ್ ನಂಗೇ ಇರ್ಲಿ. ಈಗ್ಲೇ ಬರ್ತಿದೀನಿ."

ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಅತ್ತೆ ಚಿಕ್ಕಮುನಿಯಮ್ಮ ಏದುಸಿರು ಬಿಡುತ್ತಾ ಬಂದಳು. ಮನೆತನದ ಮಾನವೆಂದರೆ ಪ್ರಾಣ ಬಿಡುವ ಮುದುಕಿ. ಬೈಗುಳ ಎಷ್ಟೇ ಬರಲಿ, ಹಿಂದಕ್ಕೆ ಹೋಗುವುದಿಲ್ಲವೆಂದು ರಮ್ಯ ಗಟ್ಟಿಯಾಗಿ ನಿಂತಳು.

"ನಿಮ್ಮಾವನ ಪಕ್ಕ ನಾನೂ ಹಿಂಗೇ ಕುಂತಿದ್ದೆ ಕಣವ್ವಾ," ಎಂದಳು ಮುದುಕಿ. "ಎದ್ದೇಳಕ್ಕಾಗ್ಲಿಲ್ಲ. ನೀನು ನಡಿ, ಯಾರಾದ್ರೂ ಬಂದು ಕೈ ಹಿಡ್ಕೊಳ್ಳೋಕ್ ಮುಂಚೆ ನಡಿ." ಹೀಗೆಂದು ತಾನೇ ಗೇಟಿನ ಚಿಲಕ ತೆಗೆದಳು.