ಚಿಂಚ ಟೇಕಡಿಯ ಆಯಾ ಹುದ್ದೆ

ಪಾಲಿಕೆಯ ವಾರ್ಡ್ ಆಫೀಸಿನಲ್ಲಿ ಎಸ್ಟಾಬ್ಲಿಶ್‌ಮೆಂಟ್ ಸೆಕ್ಷನ್ನಿನ ಹೆಡ್ ಕ್ಲಾರ್ಕ್ ಅಂದರೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ಬಸವಂತರಾಯರು, ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಬರೆದಿಡುವುದು ಅನ್ನುತ್ತಿದ್ದರು. ಯಾವ ವಾರ್ಡು ಅಂತ ಮಾತ್ರ ನನ್ನನ್ನು ಕೇಳಬೇಡಿ, ಮುಂಬಯಿಯಲ್ಲಿ ಅಂಥ ಆಫೀಸುಗಳಿಗೇನು ಬರವಿಲ್ಲ. ಮೂವತ್ತನಾಲ್ಕು ವರ್ಷ ಅದನ್ನೇ ಬರೆದು ಬರೆದು ಅವರ ಬಲಗೈ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಭಾಂಡುಪಿನಿಂದ ಬರುವ ಲೋಕಲಿನಲ್ಲಿ ನಿಂತು ನಿಂತು ಮೊಣಕಾಲು ಕೈಕೊಟ್ಟಿತ್ತು. ಫೆಬ್ರುವರಿ ಬಂದಿತ್ತು, ಮೇ ಮೂವತ್ತೊಂದಕ್ಕೆ ರಿಟೈರು. ಅಲ್ಲಿಯವರೆಗೆ ಯಾರ ತಂಟೆಗೂ ಹೋಗದೆ ದಿನ ನೂಕಿದರೆ ಸಾಕಾಗಿತ್ತು ಅವರಿಗೆ.

ಅವರ ಇಂಡಿ ತಾಲೂಕಿನ ಕಡೆಯವರು ಬಹಳಷ್ಟು ಜನ ಮೇ ಮೂವತ್ತೊಂದಕ್ಕೇ ರಿಟೈರ್ ಆಗುವುದು. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರರು ಹುಡುಗನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೋ, ಜನ್ಮದಿನ ಜೂನ್ ಒಂದು ಅಂತ ಬರೆದು ಮುಂದಿನವನನ್ನು ಕರೆಯುತ್ತಿದ್ದರು. ಹೆತ್ತವ್ವ ಬನ್ನಿ ಹಬ್ಬದ ಮರುದಿನ ಹಡೆದೆ ಅಂದರೂ ಅಷ್ಟೇ, ಸುಗ್ಗಿಯಲ್ಲಿ ಹಡೆದೆ ಅಂದರೂ ಅಷ್ಟೇ. ಬಸವಂತರಾಯರದ್ದೂ ಜೂನ್ ಒಂದು. ಚಿಂಚ ಟೇಕಡಿ ಅನ್ನುವ ಗುಡ್ಡದ ಮೇಲಿನ ಪಾಲಿಕೆ ದವಾಖಾನೆಯಲ್ಲಿ ಆಯಾ ಆಗಿದ್ದ ಸುಂದ್ರವ್ವನದ್ದೂ ಜೂನ್ ಒಂದು. ಈ ಕತೆಯಲ್ಲಿ ಆ ತಾರೀಖು ಬಹಳ ಕಾಡುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ಸುಂದ್ರವ್ವ ಆ ದವಾಖಾನೆಯಲ್ಲಿ ಹನ್ನೊಂದು ವರ್ಷದಿಂದ ದಿನಗೂಲಿಯವಳು. ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆಯುವವಳು ಅವಳು, ರೋಗಿಗಳಿಗೆ ನಂಬರು ಕೊಟ್ಟು ಸಾಲು ನಿಲ್ಲಿಸುವವಳು ಅವಳು, ವಾಂತಿ ಬಳಿಯುವವಳೂ ಅವಳೇ. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳ ಹೆಸರಿಲ್ಲ. ಅವಳ ಸಹಿಗೆಂದು ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನು ಮೊಳೆಗೆ ನೇತುಹಾಕಿದ್ದರು.

ಈ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಹತ್ತು ವರ್ಷ ದಿನಗೂಲಿಯಲ್ಲಿ ದುಡಿದವರು, ಅವರು ದುಡಿಯುವಲ್ಲೇ ಹುದ್ದೆ ಖಾಲಿ ಇದ್ದರೆ ಕಾಯಂ ಆಗಬಹುದು. ಆರ್ಡರು ಕೈಗೆ ಬರುವ ದಿನಕ್ಕೆ ವಯಸ್ಸು ಐವತ್ತು ತುಂಬಿರಬಾರದು, ಅಷ್ಟೇ. ಸುಂದ್ರವ್ವನಿಗೆ ಐವತ್ತು ತುಂಬುವುದು ಬರುವ ಜೂನ್ ಒಂದಕ್ಕೆ. ಬಸವಂತರಾಯರು ಸುತ್ತೋಲೆ ಓದಿದ ಸಂಜೆಯೇ ದವಾಖಾನೆಗೆ ಹೋಗಿ, ನಿನ್ನ ಕೆಲಸ ಆದಂಗ ತಿಳಿ ತಂಗಿ, ಅಂತ ಹೇಳಿ ಬಂದಿದ್ದರು. ಅವಳು ಪೇಢೆ ತರಿಸಿ ಡಾಕ್ಟರಿಗೂ ಕೊಟ್ಟಿದ್ದಳು.

ಖಾಲಿ ಹುದ್ದೆಗಳ ಪಟ್ಟಿ ಹೆಡ್ ಆಫೀಸಿನಿಂದ ಮೇಜಿಗೆ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಬಸವಂತರಾಯರು ಬೆರಳಿಟ್ಟು ಓದುತ್ತಾ ಬಂದರು. ಚಿಂಚ ಟೇಕಡಿ ದವಾಖಾನೆ, ಆಯಾ. ಮಂಜೂರು ಒಂದು, ಭರ್ತಿ ಒಂದು, ಖಾಲಿ ಸೊನ್ನೆ. ಯಾವ ಮೂರ್ಖ ಕಳಿಸಿದ ಲೆಕ್ಕ ಇದು ಅಂತ ಸಿಟ್ಟಿನಿಂದ ಹಳೆಯ ಫೈಲು ತೆಗೆಸಿ ನೋಡಿದರೆ, ಅಕ್ಷರ ತಮ್ಮದೇ.

ಆಗ ನೆನಪಾಯಿತು. ನೆನಪಾದದ್ದೇ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು.

ನಡೆದದ್ದು ಇಷ್ಟು. ಬಜೆಟ್ಟಿಗೆ ಮುಂಚೆ ಪ್ರತಿ ವರ್ಷ ಹುದ್ದೆಗಳ ತಖ್ತೆ, ಅಂದರೆ ಎಷ್ಟು ಭರ್ತಿ ಎಷ್ಟು ಖಾಲಿ ಅನ್ನುವ ಪಟ್ಟಿ, ಕಳಿಸಬೇಕು. ಮೂರು ವರ್ಷ ಸತತ ಖಾಲಿ ಬಿದ್ದ ಹುದ್ದೆಯನ್ನು ಮೇಲಿನವರು ಕತ್ತರಿಸಿ ಹಾಕುತ್ತಾರೆ, ಒಮ್ಮೆ ಹೋದದ್ದು ಮತ್ತೆ ಹುಟ್ಟುವುದಿಲ್ಲ. ಅದಕ್ಕೇ ಹಳೆಯ ಕ್ಲಾರ್ಕುಗಳಲ್ಲಿ ಒಂದು ರೂಢಿ. ಆಫೀಸಿನಲ್ಲಿ ಹೆಚ್ಚುವರಿಯಾಗಿರುವ ಸಿಪಾಯಿಯೊಬ್ಬನ ಹೆಸರನ್ನು ಆ ಖಾಲಿ ಜಾಗಕ್ಕೆ ಹಾಕಿ, ಭರ್ತಿ ಅಂತ ಬರೆದುಬಿಡುವುದು. ಜಾಗ ಉಳಿಸುವುದು ಅನ್ನುತ್ತಾರೆ ಇದಕ್ಕೆ. ದವಾಖಾನೆಯ ಹಳೆಯ ಆಯಾ ರಿಟೈರ್ ಆದ ಮೇಲೆ ಆ ಹುದ್ದೆ ಹೋಗದಿರಲಿ, ಎಂದಾದರೂ ಸುಂದ್ರವ್ವನಿಗೆ ಸಿಗಲಿ ಅಂತ ಬಸವಂತರಾಯರು ಆಫೀಸಿನ ಸಿಪಾಯಿ ಚೆನ್ನಯನ ಹೆಸರನ್ನು ಅಲ್ಲಿ ಬರೆದರು. ದವಾಖಾನೆಯ ಹಾಜರಿ ಪುಸ್ತಕಕ್ಕೂ ಆ ಹೆಸರು ಏರಿತು, ಆದರೆ ಚೆನ್ನಯ ಒಂದು ದಿನವೂ ಟೇಕಡಿ ಹತ್ತಿದವನಲ್ಲ. ಇಲ್ಲೇ ಆಫೀಸಿನಲ್ಲಿ ಫೈಲು ಹೊರುತ್ತಾ ಚಹಾ ತರುತ್ತಾ ಇದ್ದ. ಹೀಗೆ ಆರು ವರ್ಷ. ಮೊದಲ ವರ್ಷ ಯೋಚಿಸಿ ಬರೆದದ್ದು, ಆಮೇಲಿನ ಐದು ವರ್ಷ ಹಿಂದಿನ ತಖ್ತೆಯನ್ನು ನೋಡಿ ನಕಲು ಮಾಡಿದ್ದು. ಯಾರಿಗಾಗಿ ಜಾಗ ಉಳಿಸಿದರೋ ಅವಳಿಗೇ ಈಗ ಜಾಗವಿಲ್ಲ.

ಫೈಲು ಎತ್ತಿಕೊಂಡು ಆಡಳಿತ ಅಧಿಕಾರಿ ವೈಶಾಲಿ ಮೇಡಂ ಹತ್ತಿರ ಹೋದರು. ಆಕೆ ಕೆಟ್ಟವರಲ್ಲ. ಮೂರು ಜನರ ಕೆಲಸ ಒಬ್ಬರೇ ಮಾಡಿ ಸೋತವರು. ಎಲ್ಲ ಕೇಳಿಸಿಕೊಂಡು ಮರಾಠಿ ಹಿಂದಿ ಬೆರೆಸಿ ನಿಧಾನವಾಗಿ ಹೇಳಿದರು. ಪಟ್ಟಿ ತಿದ್ದಬಹುದು, ಆದರೆ ಆರು ವರ್ಷ ತಪ್ಪು ಮಾಹಿತಿ ಕೊಟ್ಟದ್ದು ಯಾರು ಅಂತ ಬರೆದುಕೊಡಬೇಕು. ಬರೆದುಕೊಟ್ಟರೆ ವಿಚಾರಣೆಗೆ ಕಳಿಸದೆ ತನಗೆ ಗತಿಯಿಲ್ಲ. ವಿಚಾರಣೆ ಬಾಕಿ ಇದ್ದವರ ಪಿಂಚಣಿ ಕಾಗದ ಮುಂದೆ ಹೋಗುವುದಿಲ್ಲ, ಎರಡು ವರ್ಷವೋ ಐದು ವರ್ಷವೋ. "ಬಸವಂತ್‌ರಾವ್, ಕಶಾಲಾ? ಯಾಕೆ ಬೇಕು ಇದೆಲ್ಲ? ಇಷ್ಟು ದಿನ ದೂಡಿದಿರಿ, ಇನ್ನು ಮೂರು ತಿಂಗಳು," ಅಂದರು. ಹದಿನೈದು ದಿನದೊಳಗೆ ಯಾವ ಆಕ್ಷೇಪವೂ ಬಾರದಿದ್ದರೆ ಪಟ್ಟಿ ತಾನೇ ಪಕ್ಕಾ ಆಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ ಅಂತಲೂ ಸೇರಿಸಿದರು. ಯಾರಿಗೂ ಅಂದಾಗ ಸುಂದ್ರವ್ವನನ್ನು ಬಿಟ್ಟು ಅಂತ ಇಬ್ಬರಿಗೂ ಗೊತ್ತಿತ್ತು.

ಹತ್ತು ದಿನ ಬಸವಂತರಾಯರು ಏನೂ ಮಾಡಲಿಲ್ಲ. ಡ್ರಾಯರಿನಿಂದ ಬಿಳಿ ಹಾಳೆ ತೆಗೆಯುವುದು, ಒಳಗಿಡುವುದು. ಮನೆಯಲ್ಲಿ ಹೆಂಡತಿ ಶರಣವ್ವನಿಗೆ ಹೇಳಿದರೆ ಆಕೆ ಬಾಯಿಗೆ ಸೆರಗು ಹಚ್ಚಿ ಕೂತಳು. ಬಾಡಿಗೆ ಮನೆ, ಆಕೆಗೆ ವಾರಕ್ಕೆರಡು ಸಲ ಡಯಾಲಿಸಿಸ್. ಬ್ಯಾಡ ಅಂತ ಆಕೆ ಬಾಯಿಬಿಟ್ಟು ಹೇಳಲಿಲ್ಲ, ಬರೀರಿ ಅಂತಲೂ ಹೇಳಲಿಲ್ಲ. ಚೆನ್ನಯ ಮಾತ್ರ ಗ್ಲಾಸು ಇಡುತ್ತಾ, "ನನ್ನ ಚಿಂತೆ ಬಿಡಿ ಮಾರಾಯ್ರೆ, ಬೈಕುಲ್ಲಾಕ್ಕೆ ವರ್ಗ ಮಾಡಿದರೂ ಚಾ ತರುವ ಕೆಲಸವೇ ಅಲ್ವಾ," ಅಂದ. ಇವನಿಗೆ ಯಾರು ಹೇಳಿದರು ಅಂತ ಕೇಳುವ ತ್ರಾಣವೂ ಬಸವಂತರಾಯರಿಗೆ ಇರಲಿಲ್ಲ.

ಹನ್ನೊಂದನೆಯ ದಿನ ಆಫೀಸು ಬಿಡುವ ಮೊದಲೇ ಎದ್ದು ಟೇಕಡಿ ಹತ್ತಿದರು. ಮೊಣಕಾಲು ಹಿಡಿದುಕೊಂಡು, ಎರಡು ಕಡೆ ನಿಂತು ಹತ್ತಿದರು. ಸುಂದ್ರವ್ವ ಬಕೆಟ್ಟು ಬದಿಗಿಟ್ಟು, ಕೈ ಒರೆಸಿಕೊಂಡು ಬಂದಳು. ಅವಳ ಮುಖದಲ್ಲಿ ಆಸೆ ಇನ್ನೂ ಹಾಗೇ ಇತ್ತು. ಬಸವಂತರಾಯರು ಒಂದೂ ಮುಚ್ಚಿಡದೆ ಹೇಳಿದರು. ಹುದ್ದೆ ಖಾಲಿ ಇಲ್ಲ ಅಂತ ಬರೆದವನು ನಾನೇ ಅಂತ ಹೇಳಿದರು. ತಿದ್ದಿದರೆ ತಮ್ಮ ಪಿಂಚಣಿ ನಿಲ್ಲುತ್ತದೆ ಅಂತಲೂ ಹೇಳಿದರು. ಶರಣವ್ವನ ಡಯಾಲಿಸಿಸ್ಸಿನ ಮಾತು ಹೇಳಬಾರದೆಂದುಕೊಂಡಿದ್ದರು, ಅದೂ ಬಾಯಿಂದ ಬಂದುಬಿಟ್ಟಿತು.

"ಅಲ್ರಿ ಅಣ್ಣಾರ, ಲೋಕಲಿನ್ಯಾಗ ರುಮಾಲ ಒಗದು ಸೀಟ ಹಿಡದಂಗ ಮಾಡೀರಿ. ನಾ ಹತ್ತಿ ಬಂದ್ರ ರುಮಾಲ ಕುಂತೈತಿ," ಅಂದಳು ಸುಂದ್ರವ್ವ. ನಗಲಿಲ್ಲ.

"ಹೌದವ್ವಾ," ಅಂದರು ಬಸವಂತರಾಯರು.

"ಈಗ ನನ್ನ ಕೇಳಾಕ ಬಂದೀರಿ. ಹೋಗ್ಲಿ ಬಿಡ್ರಿ ಅಣ್ಣಾರ ಅಂತೀನಿ ಅಂತ ತಿಳದು ಬಂದೀರಿ."

ಅವರು ನಿಜಕ್ಕೂ ಅದಕ್ಕೇ ಬಂದಿದ್ದರು. ಟೇಕಡಿ ಹತ್ತುವಾಗ ತಮಗೇ ಗೊತ್ತಿರಲಿಲ್ಲ, ಅವಳು ಹೇಳಿದ ಮೇಲೆ ಗೊತ್ತಾಯಿತು.

"ನಾ ಅನ್ನಂಗಿಲ್ರಿ," ಅಂದಳು ಸುಂದ್ರವ್ವ. "ವೈನಿ ಜಡ್ಡು ಕೇಳಿ ನನ್ನ ಜೀವ ಚುರ್ ಅಂತೈತಿ. ಆದ್ರ ಅನ್ನಂಗಿಲ್ಲ. ಹನ್ನೊಂದ ವರ್ಷ ಎಲ್ಲಾದಕ್ಕೂ ಹೋಗ್ಲಿ ಬಿಡ್ರಿ ಅಂದೀನಿ. ಬರಿಯೂದು ಬಿಡೂದು ನಿಮಗ ಬಿಟ್ಟಿದ್ದು."

ಮತ್ತೆ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಅವರಿಗೆ ನೀರು ಬೇಕಾ ಅಂತಲೂ ಕೇಳಲಿಲ್ಲ.

ಮರುದಿನ ಬಸವಂತರಾಯರು ಹಾಳೆ ತೆಗೆದವರು ಒಳಗಿಡಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಬರೆದ ನೋಟುಗಳಲ್ಲೆಲ್ಲ ಅದೇ ಚಿಕ್ಕದು. ಹುದ್ದೆ ಆರು ವರ್ಷದಿಂದ ಖಾಲಿ ಇದೆ. ಭರ್ತಿ ಎಂದು ಬರೆದದ್ದು ನಾನು. ಚೆನ್ನಯನದ್ದಾಗಲಿ ಬೇರೆ ಯಾರದ್ದಾಗಲಿ ತಪ್ಪಿಲ್ಲ. ಹೆಬ್ಬೆರಳು ಜೋಮು ಹಿಡಿದಿತ್ತು, ಸಹಿ ಸೊಟ್ಟಗೆ ಬಂತು. ವೈಶಾಲಿ ಮೇಡಂ ಓದಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಸೀಲು ಹಾಕಿ ಕಳಿಸಿದರು. ಆಮೇಲೆ ಆ ಫೈಲಿನ ಹಿಂದೆ ತಾವೇ ಮೂರು ಸಲ ಹೆಡ್ ಆಫೀಸಿಗೆ ಹೋಗಿ ಬಂದರು ಅಂತ ಚೆನ್ನಯ ಹೇಳಿದ. ಆಕೆ ತಾವಾಗಿ ಹೇಳಲಿಲ್ಲ.

ಸುಂದ್ರವ್ವನ ಆರ್ಡರು ಮೇ ಇಪ್ಪತ್ತೊಂಬತ್ತಕ್ಕೆ ಬಂತು. ಐವತ್ತಕ್ಕೆ ಮೂರು ದಿನ ಉಳಿದಿತ್ತು. ಮೂವತ್ತೊಂದಕ್ಕೆ ಆಫೀಸಿನಲ್ಲಿ ನಾಲ್ಕು ಜನಕ್ಕೆ ಒಟ್ಟಿಗೇ ಶಾಲು, ತೆಂಗಿನಕಾಯಿ, ಭಾಷಣ. ಮೂವರ ಕೈಗೆ ಪಿಂಚಣಿ ಕಾಗದದ ಲಕೋಟೆ ಬಂತು. ಬಸವಂತರಾಯರ ಕೈಗೆ ಬಂದ ಹಾಳೆಯಲ್ಲಿ, ವಿಚಾರಣೆಗೆ ಬೇಕಾಗಿರುವುದರಿಂದ ಚಿಂಚ ಟೇಕಡಿ ದವಾಖಾನೆಯ ಹಾಜರಿ ಪುಸ್ತಕದ ನಕಲನ್ನು ಹಾಜರುಪಡಿಸತಕ್ಕದ್ದು ಅಂತಿತ್ತು.

ಜೂನ್ ಒಂದರ ಬೆಳಿಗ್ಗೆ ಮತ್ತೆ ಟೇಕಡಿ ಹತ್ತಿದರು. ದವಾಖಾನೆಯ ತುಂಬ ಕೆಮ್ಮುವವರ ಸಾಲು. ಸುಂದ್ರವ್ವ ಅವರನ್ನು ನೋಡಿದಳು, ಕೈಸನ್ನೆಯಿಂದ ತಡೀರಿ ಅಂದು ಆ ಸಾಲು ಮುಗಿಸಿ, ಕೇಳಿದ ಪುಸ್ತಕ ತಂದುಕೊಟ್ಟಳು. ಆರು ವರ್ಷದ ಪುಟಗಳಲ್ಲಿ ಚೆನ್ನಯನ ಹೆಸರಿನ ಮುಂದೆ ಬರೀ ಖಾಲಿ ಚೌಕಗಳು. ಕೊನೆಯ ಪುಟದಲ್ಲಿ ಆ ಹೆಸರನ್ನು ಕೆಂಪು ಗೆರೆ ಎಳೆದು ತೆಗೆದಿದ್ದರು. ಕೆಳಗೆ ಸುಂದ್ರವ್ವ ಅಂತ ಹೊಸ ಹೆಸರು, ಅದರ ಮುಂದೆ ದಪ್ಪ ಅಕ್ಷರದ ಸಹಿ. ಒಂದು ಚೌಕದಲ್ಲಿ ಹಿಡಿಸದೆ ಎರಡು ಚೌಕ ಹಿಡಿದಿತ್ತು.

ನಕಲು ತೆಗೆಯುವ ಅಂಗಡಿ ಹತ್ತು ಗಂಟೆಗೆ ಮುಂಚೆ ತೆರೆಯುವುದಿಲ್ಲ. ಬಸವಂತರಾಯರು ಗೋಡೆ ಹಿಡಿದು ನಿಂತರು. ಬೆಂಚುಗಳೆಲ್ಲ ತುಂಬಿದ್ದವು. ಸುಂದ್ರವ್ವ ಬಾಗಿಲ ಬಳಿಯಿದ್ದ ತನ್ನ ಸ್ಟೂಲನ್ನು ಸೆರಗಿನಿಂದ ಒರೆಸಿ ಅವರ ಮುಂದೆ ಎಳೆದಿಟ್ಟಳು.

"ಕುಂದರ್ರಿ ಅಣ್ಣಾರ. ಇದು ನಂದೈತಿ," ಅಂದಳು.

ಅವರು ಕೂತರು. ಅವಳು ನಿಂತುಕೊಂಡೇ ಮುಂದಿನ ನಂಬರು ಕರೆದಳು.