ಎರಡು ಹೊರಸಿನಷ್ಟು ಗದ್ದೆ

ಹಿಂದೆ ಹಿಂದೆ ಸರಿಯುತ್ತ ಬಂದ ಯಮನೂರಮ್ಮನ ಬೆನ್ನು ಹಿತ್ತಲ ಗೋಡೆಗೆ ತಾಗಿತು. ಅಲ್ಲಿಗೆ ಗದ್ದೆ ಮುಗಿದಿತ್ತು. ಕೈಯಲ್ಲಿ ಉಳಿದಿದ್ದ ಎರಡು ಬುಡ ಹುಲ್ಲನ್ನು ಮೂಲೆಯ ಕೆಸರಿಗೆ ಒತ್ತಿ, ಸೊಂಟ ನೆಟ್ಟಗೆ ಮಾಡಿ, ಮೊಣಕೈಯಿಂದ ಹಣೆ ಒರೆಸಿಕೊಂಡಳು. ಎದುರಿಗೆ ಮೂರು ಸಾಲು, ಸಾಲಿಗೆ ಏಳು ಬುಡ, ಹಿಮ್ಮಡಿ ಮುಳುಗುವಷ್ಟು ನೀರು, ಆ ನೀರಿನಲ್ಲಿ ಶ್ರಾವಣದ ಮೋಡ.

ಬಚ್ಚಲ ಕಲ್ಲಿನ ಮೇಲೆ ಕೂತು ಗಂಡ ಪಂಪಣ್ಣ ನೋಡುತ್ತಿದ್ದ.

"ಏನಬೇ, ಯಾವ ತಳಿ ಇದು? ಸೋನಾ ಮಸೂರಿ ಏನು?"

"ನಗ್ರಿ, ನಗ್ರಿ. ಮೊಮ್ಮಗು ಬಂದು ಇಲ್ಲಿ ಅಂಬೆಗಾಲು ಇಡಾಕತ್ತಿದಾಗ ನಾನೂ ನಗ್ತೀನಿ."

ಅದು ಸೊಳ್ಳೆ ಓಡಿಸುವ ಹುಲ್ಲು. ಸಿಂಧನೂರಿನಲ್ಲಿ ಸಸಿ ಮಾರುವ ಹಸನ್‌ಸಾಬ್ ಅದರ ಹೆಸರು ಸಿಟ್ರೊನೆಲ್ಲಾ ಎಂದು ಎರಡು ಸಲ ಹೇಳಿಕೊಟ್ಟರೂ ಯಮನೂರಮ್ಮನ ನಾಲಿಗೆಗೆ ಅದು ಹೊರಳಲಿಲ್ಲ. ಸೊಳ್ಳಿ ಹುಲ್ಲು ಎಂದೇ ಕರೆದಳು. "ಬೇರು ಹಿಡಿಯೋತನಕ ನೀರು ಕಮ್ಮಿ ಮಾಡಬ್ಯಾಡ್ರಿ" ಎಂದಷ್ಟೇ ಅವನು ಹೇಳಿದ್ದು. ಹತ್ತು ವರ್ಷದವಳಿದ್ದಾಗಿನಿಂದ ದಢೇಸುಗೂರಿನ ಕಾಲುವೆ ಬಯಲಿನಲ್ಲಿ ನೆಲ್ಲು ನಾಟಿ ಮಾಡಿದವಳಿಗೆ ಆ ಮಾತಿಗೆ ಬೇರೆ ಅರ್ಥವಿದ್ದೀತೆ? ಸುತ್ತ ಬದು ಕಟ್ಟಿದಳು, ಮಣ್ಣು ತುಳಿದು ಕೆಸರು ಮಾಡಿದಳು, ನೀರು ನಿಲ್ಲಿಸಿದಳು. ಎರಡು ಹೊರಸು ಹಾಕುವಷ್ಟು ಜಾಗದಲ್ಲಿ ಅಚ್ಚುಕಟ್ಟಾದ ಗದ್ದೆಯೊಂದು ಎದ್ದಿತು.

ಹೋದ ವರ್ಷ ಮದುವೆಯಾದ ಮೇಲಿನ ಮೊದಲ ನಾಗರ ಪಂಚಮಿಗೆಂದು ಮಗಳು ಮಹಾಲಕ್ಷ್ಮಿ ತವರಿಗೆ ಬಂದಿದ್ದಳು. ಜೋಕಾಲಿ ಜೀಕಿದಳು, ಉಂಡೆ ತಿಂದಳು, ವಾರ ಕಳೆಯುವುದರೊಳಗೆ ಜ್ವರ ಹಿಡಿದು ಮಲಗಿದಳು. ಡೆಂಗಿ. ಸಿಂಧನೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು, ಹುಡುಗಿ ಅರ್ಧ ಆಳಾಗಿ ಹೊರಬಂದಳು. ಅತ್ತೆ ಗಂಗಾದೇವಿ ಪಾಮನಕಲ್ಲೂರಿನಿಂದ ಬಂದು ಕರೆದುಕೊಂಡು ಹೋದಳು. ಹೋಗುವಾಗ ಆಡಿದ್ದು ಒಂದೇ ಮಾತು: "ಇನ್ನ ಈ ಕಾಲುವಿ ಊರಿಗೆ ಕಳಸಂಗಿಲ್ಲ."

ಈಗ ಮಹಾಲಕ್ಷ್ಮಿಗೆ ನಾಲ್ಕು ತಿಂಗಳು. ಏಳರಲ್ಲಿ ಸೀಮಂತದ ಕುಬಸ ಮಾಡಿ ಕರೆತರಬೇಕು. ಚೊಚ್ಚಲ ಬಾಣಂತನವೆಂದರೆ ಹಡೆದವ್ವನ ಪಾಲು. ಆ ಪಾಲು ಕೈತಪ್ಪಿ ಹೋಗುತ್ತದೆ ಎಂದು ನೆನೆದಾಗೊಮ್ಮೆ ಯಮನೂರಮ್ಮ ಉಣ್ಣುವ ತಾಟು ಬಿಟ್ಟೆದ್ದು ಹುಲ್ಲಿಗೆ ನೀರು ಹಾಕಿ ಬರುತ್ತಿದ್ದಳು.

"ಯವ್ವಾ, ಅತ್ತಿ ಒಲ್ಲೆ ಅನ್ನಾಕತ್ತಾಳ" ಎಂದು ಮಗಳು ಫೋನಿನಲ್ಲಿ ಸಣ್ಣ ದನಿಯಲ್ಲಿ ಹೇಳಿದ್ದಳು.

"ಅನ್ಲಿ ಬಿಡು. ಅವ್ವ ಸೊಳ್ಳಿ ಹುಲ್ಲು ಹಚ್ಯಾಳಂತ ಹೇಳು. ಒಮ್ಮಿ ಬಂದು ಕಣ್ಣಾರೆ ನೋಡಂತ ಹೇಳು."

ಹುಲ್ಲು ಬೆಳೆಯಿತು. ಮಧ್ಯಾಹ್ನ ಕೂಲಿಯಿಂದ ಬಂದು ಪಡಸಾಲೆಯಲ್ಲಿ ಅಡ್ಡಾದರೆ, ಗಾಳಿ ಬೀಸಿದಾಗೊಮ್ಮೆ ನಿಂಬೆ ಸುಲಿದ ವಾಸನೆ ಹಿತ್ತಲಿನಿಂದ ತೇಲಿ ಬರುತ್ತಿತ್ತು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ, ಪಂಪಣ್ಣ ದಿನಾ ತಲೆ ಬಗ್ಗಿಸಿ ದಾಟುವ ಗಿಡ್ಡ ತೊಲೆಗೆ ತೊಟ್ಟಿಲು ತೂಗುತ್ತಿತ್ತು. ಒಳಗಿನ ಕೂಸಿಗೆ ಕೆನ್ನೆಯ ಮೇಲೆ ಕಾಡಿಗೆ ಬೊಟ್ಟು. ಕೂಸಿನ ಮುಖ ಕಾಣಬೇಕೆಂದು ಅವಳು ಬಗ್ಗುತ್ತಿದ್ದಳು. ಪ್ರತಿ ಸಲವೂ ಅಷ್ಟರಲ್ಲಿ ಯಾವುದೋ ಟ್ರ್ಯಾಕ್ಟರ್ ಹಾದು ಹೋಗಿ ಕಣ್ಣು ತೆರೆದುಬಿಡುತ್ತಿತ್ತು.

ಒಂದು ಮುಂಜಾನೆ ಬೆಳ್ಳಕ್ಕಿಯೊಂದು ಬಂದು ಆ ಗದ್ದೆಯಲ್ಲಿ ಒಂಟಿಗಾಲಲ್ಲಿ ನಿಂತಿತ್ತು. ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು.

"ಪಕ್ಷಿಗೂ ಮೋಸ ಮಾಡಿದಿ ನೋಡು" ಎಂದ ಪಂಪಣ್ಣ, ಮೀನಖಂಡಕ್ಕೆ ಪಟ್ಟನೆ ಹೊಡೆದುಕೊಂಡು. "ಆದ್ರ ಸೊಳ್ಳಿ ಮಾತ್ರ ನಿನ್ನ ಹುಲ್ಲಿಗೆ ಹೆದರಂಗ ಕಾಣವಲ್ವು."

"ಇನ್ನಾ ಎಳೀದೈತಿ. ಬಲೀಲಿ, ತಡೀರಿ."

ಬುಡದ ಎಲೆ ಹಳದಿಯಾಗತೊಡಗಿದ್ದನ್ನು ಅವಳೂ ಕಂಡಿದ್ದಳು. ನೀರು ಸಾಲದಾಗಿದೆ ಎಂದುಕೊಂಡು ಇನ್ನೆರಡು ಕೊಡ ಸುರಿದಳು.

ಬನ್ನಿ ಹಬ್ಬ ಮುಗಿದ ವಾರ ಗಂಗಾದೇವಿ ಬಂದೇಬಿಟ್ಟಳು. ಎತ್ತರದ ಹೆಂಗಸು, ಮಾತು ಕಡಿಮೆ. ಮುಗಿಲು ನೋಡಿ ಸಜ್ಜೆ, ತೊಗರಿ ಬಿತ್ತಿ ಬದುಕಿದವಳು. ನೀರು ಚೆಲ್ಲುವವರನ್ನು ಕಂಡರೆ ಅವಳಿಗೆ ಆಗದು. ಯಮನೂರಮ್ಮ ಚಾಪೆ ಹಾಸಿದಳು, ಫ್ಯಾನು ಹಚ್ಚಿದಳು, ಎರಡು ಸಲ ಸೆರಗು ಸರಿಮಾಡಿಕೊಂಡಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬೀಗತಿ ಕಾಲು ತೊಳೆಯಲು ಹಿತ್ತಲಿಗೇ ನಡೆದಳು. ಎದೆಯುದ್ದ ಬೆಳೆದ ಹುಲ್ಲು ಗಾಳಿಗೆ ಬಾಗಿ ಏಳುತ್ತಿತ್ತು. ನೋಡಲಿ, ಕಣ್ತುಂಬ ನೋಡಲಿ ಎಂದುಕೊಂಡಳು ಯಮನೂರಮ್ಮ.

ಗಂಗಾದೇವಿ ಹುಲ್ಲನ್ನು ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ನೀರನ್ನು ನೋಡಿದಳು. ಅಂಗೈಯಲ್ಲಿ ಒಂದಿಷ್ಟು ಮೊಗೆದು ಬಿಸಿಲಿಗೆ ಹಿಡಿದಳು.

"ಇವು ಏನ್ರಿ ಕುಣಿಯಾಕತ್ತಾವು?"

ಯಮನೂರಮ್ಮ ಬಗ್ಗಿದಳು. ಎಳೆ ಎಳೆಯಾದ ಹುಳಗಳು ಅಂಗೈಯೊಳಗೆ ಕೊಂಕಿ ಕೊಂಕಿ ಏಳುತ್ತಿದ್ದವು. ನಲವತ್ತು ವರ್ಷ ಇಂಥ ನೀರಿನಲ್ಲೇ ಕಾಲಿಟ್ಟುಕೊಂಡು ದುಡಿದವಳು. ನೀರೆಂದ ಮೇಲೆ ಹುಳ ಇದ್ದೇ ಇರುತ್ತದೆ ಎಂದು ಅವಳು ಯಾವತ್ತೂ ಬಗ್ಗಿ ನೋಡಿದವಳಲ್ಲ.

"ಸೊಳ್ಳಿ ಮರಿ ಇವು. ನಮ್ಮೂರಾಗ ಆಸ್ಪತ್ರಿಯ ಆಶಾ ಅಕ್ಕ ಮನಿ ಮನಿ ನೀರಿನ ಹರವಿ ಬೋರಲು ಹಾಕ್ಸಿ ತೋರ್ಸ್ಯಾಳ" ಎಂದಳು ಗಂಗಾದೇವಿ. ಅಂಗೈ ಕೊಡವಿದಳು. "ನೀವು ಸೊಳ್ಳಿ ಓಡ್ಸಾಕ ಹುಲ್ಲು ಹಚ್ಚೀರೋ, ಸೊಳ್ಳಿ ಸಾಕಾಕ ಕೆರಿ ಕಟ್ಟೀರೋ?"

ಬಾಗಿಲಲ್ಲಿ ನಿಂತಿದ್ದ ಪಂಪಣ್ಣ ಮುಖ ಆ ಕಡೆ ತಿರುಗಿಸಿದ. ಯಮನೂರಮ್ಮ ತಪ್ಪನ್ನು ಹಸನ್‌ಸಾಬನ ಮೇಲೆ ಹಾಕಬಹುದಿತ್ತು; ಹಾಕಲಿಲ್ಲ. ಸೀರೆ ಎತ್ತಿಕಟ್ಟದೆಯೇ ಕೆಸರಿಗಿಳಿದು, ತಾನೇ ಮೆತ್ತಿ ಸವರಿ ಕಟ್ಟಿದ್ದ ಬದುವನ್ನು ಎರಡೂ ಕೈಯಿಂದ ಒಡೆದಳು. ನೀರು ಗುಳುಗುಳು ಎಂದು ಕರಿಬೇವಿನ ಗಿಡದ ಕಡೆಗೆ ಹರಿದು ಒಣಮಣ್ಣಿನಲ್ಲಿ ಇಂಗತೊಡಗಿತು. ಅದರಲ್ಲಿ ಕಾಣುತ್ತಿದ್ದ ಮೋಡಗಳೂ ಜೊತೆಗೇ ಹೋದವು.

"ಆಕಿನ್ನ ಕಳಸಬ್ಯಾಡ್ರಿ ಅಕ್ಕಾರ" ಎಂದಳು, ತಲೆ ಎತ್ತದೆ. "ಅಲ್ಲೇ ಇರ್ಲಿ. ಅಲ್ಲೇ ಹಡೀಲಿ. ನನಗ ಬರೋದು ನಾಟಿ ಒಂದ ನೋಡ್ರಿ. ಮತ್ತೇನೂ ಬರಂಗಿಲ್ಲ." ಇಷ್ಟು ದಿನ ಯಾವುದನ್ನು ಬೇಡಿದ್ದಳೋ ಅದನ್ನು ತನ್ನ ಬಾಯಿಂದಲೇ ಬೇಡವೆಂದದ್ದಕ್ಕೆ ಅವಳಿಗೆ ಅಳು ಬಂದಿತ್ತು.

ಗಂಗಾದೇವಿಯ ಕಣ್ಣು ಈಗ ಹುಲ್ಲಿನ ಮೇಲೆ ಹೋಯಿತು. ಮೂರು ಸಾಲು, ಸಾಲಿಗೆ ಏಳು ಬುಡ. ದಾರ ಹಿಡಿದು ನೆಟ್ಟರೂ ಇಷ್ಟು ನೇರ ಬರುತ್ತಿರಲಿಲ್ಲ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಗುದ್ದಲಿ ಐತೇನ್ರಿ ಮನ್ಯಾಗ?"

ಗಂಗಾದೇವಿ ಮಣ್ಣೆಳೆದು ಎತ್ತರದ ಏರಿ ಮಾಡುತ್ತ ಹೋದಳು. ಯಮನೂರಮ್ಮ ಬುಡ ಕಿತ್ತು ಅದರ ಮೇಲೆ ಕೂಡಿಸುತ್ತ ಬಂದಳು. "ಇದಕ್ಕ ಕಾಲು ಒಣಗಿರಬೇಕು, ನಮ್ಮ ಬೆಳಿಗಳಂಗ" ಎಂದಳು ಗಂಗಾದೇವಿ. ಎರಡನೆಯ ಸಾಲಿನ ನಡುವೆ, ಮುಂದೆ ಮುಂದೆ ಬರುತ್ತಿದ್ದ ಅವಳಿಗೂ ಹಿಂದೆ ಹಿಂದೆ ಸರಿಯುತ್ತಿದ್ದ ಯಮನೂರಮ್ಮನಿಗೂ ಡಿಕ್ಕಿಯಾಯಿತು.

"ನಾವು ಬಿತ್ತೋ ಮಂದಿ ಮುಂದಕ್ಕ ಹೋಗ್ತೀವಿ, ನೀವು ಹಿಂದಕ್ಕ ಬರ್ತೀರಿ. ಹಿಂಗಾದ್ರ ಬೀಗತನ ನಡದಂಗ ಐತಿ!"

ಯಮನೂರಮ್ಮ ಒದ್ದೆ ಕಣ್ಣಲ್ಲೇ ನಕ್ಕುಬಿಟ್ಟಳು. ಕೆಲಸ ಮುಗಿದಾಗ ಗಂಗಾದೇವಿ ಒಂದು ಎಲೆ ಮುರಿದು, ಅಂಗೈಯಲ್ಲಿ ಹೊಸಕಿ, ಬೀಗತಿಯ ತೋಳಿಗೆ ಮೇಲಿನಿಂದ ಕೆಳಗೆ ಸವರಿದಳು. ನಿಂಬೆಯ ವಾಸನೆ ಘಮ್ಮೆಂದು ಎದ್ದಿತು.

"ಬರೇ ನಿಂತ್ರ ಏನೂ ಮಾಡಂಗಿಲ್ಲ ಇದು. ಹಿಂಗ ಉಜ್ಜಬೇಕು."

ಬಸ್ಸಿನ ಹೊತ್ತಾಗಿತ್ತು. ಗಂಗಾದೇವಿ ಕೈಕಾಲು ತೊಳೆದು ಚೀಲ ತೆಗೆದುಕೊಳ್ಳಲು ಒಳಗೆ ಹೋದಳು. "ಚಾ ಕುಡುದು ಹೋಗ್ರಿ ಅಕ್ಕಾರ" ಎನ್ನುತ್ತ ಯಮನೂರಮ್ಮ ಕೆಸರುಗೈಯಲ್ಲೇ ಹಿಂದೆ ಓಡಿದಳು. ಪಡಸಾಲೆಯ ನಡುವೆ ಗಂಗಾದೇವಿ ನಿಂತು, ತಲೆ ಎತ್ತಿ ಮಾಳಿಗೆಯ ತೊಲೆಗಳನ್ನು ಒಮ್ಮೆ ನೋಡಿದಳು.

"ಸೊಳ್ಳಿ ಪರದಿ ನಾ ತರ್ತೀನಿ. ತೊಟ್ಲ ಎಲ್ಲಿ ಕಟ್ಟತೀಯವ್ವ?"

ಎಷ್ಟೋ ಮಧ್ಯಾಹ್ನ ಆ ತೊಟ್ಟಿಲನ್ನು ಕನಸಿನಲ್ಲಿ ತೂಗಿದ್ದ ಯಮನೂರಮ್ಮ ಕೈ ಎತ್ತಿ ಗಿಡ್ಡ ತೊಲೆಯನ್ನು ಗಟ್ಟಿಯಾಗಿ ಹಿಡಿದು ತೋರಿಸಿದಳು.

ಬೀಗತಿಯನ್ನು ಬಸ್ಸು ಹತ್ತಿಸಿ ಪಂಪಣ್ಣ ತಿರುಗಿ ಬಂದಾಗ ಸಂಜೆ ಬಿಸಿಲು ಪಡಸಾಲೆಯವರೆಗೆ ಬಂದಿತ್ತು. ತಲೆ ಬಗ್ಗಿಸಲು ಹೋದವನು ತೊಲೆಯ ಮೇಲೆ ಐದು ಬೆರಳಿನ ಕೆಸರು ಕಂಡು ನಿಂತ. ಒರೆಸಲೆಂದು ಹೆಗಲ ವಸ್ತ್ರ ಕೈಗೆ ತೆಗೆದುಕೊಂಡ. ಮೂಗಿಗೆ ಸಣ್ಣಗೆ ನಿಂಬೆ ಬಡಿಯಿತು. ವಸ್ತ್ರವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಎಂದಿಗಿಂತ ಒಂದು ಗೇಣು ಹೆಚ್ಚೇ ಬಗ್ಗಿ, ಒಳಗೆ ಹೋದ.